ಸುಗ್ಗಿಯ ದಿನಕ್ಕೆ ನಿಲ್ಲುವ ಆಯ್ಕೆ: ಸೇಲ್ಸ್‌ಫೋರ್ಸ್ ಡೆವಲಪರ್‌ಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ನಾವು ಸೇಲ್ಸ್‌ಫೋರ್ಸ್ (ವ್ಯಾಪಾರದ ದಾಖಲೆಗಳನ್ನು ಅಂತರ್ಜಾಲದಲ್ಲಿ ನಡೆಸುವ ಬಾಡಿಗೆಯ ವೇದಿಕೆ) ಮೇಲೆ ಮಾಡಿಕೊಟ್ಟ ವ್ಯವಸ್ಥೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಂದು ದಿನವೂ ತಕರಾರು ಮಾಡಲಿಲ್ಲ. ನವೆಂಬರ್ ತಿಂಗಳ ಒಂದು ಸಂಜೆ, ಭತ್ತದ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತಿದ್ದಾಗ, ತೂಕದ ಕಾಟಾದಿಂದ ಬಂದ ಆ ದಿನದ ಫೈಲನ್ನು ಗುಮಾಸ್ತರು ಡೇಟಾ ಲೋಡರ್ ಎಂಬ ಉಪಕರಣದ ಮೂಲಕ ಏರಿಸಿದರು. ಫೈಲಿನಲ್ಲಿ 180 ತೂಕದ ಚೀಟಿಗಳಿದ್ದವು. ಒಂದೂ ಒಳಗೆ ಹೋಗಲಿಲ್ಲ. ತಪ್ಪುಗಳ ಫೈಲಿನಲ್ಲಿ 180 ಸಲವೂ ಅದೇ ಸಾಲು: ‘ಟೂ ಮೆನಿ ಎಸ್‌ಒಕ್ಯೂಎಲ್ ಕ್ವೆರೀಸ್: 101’. ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು, ಕ್ವೆರಿಗಳು, ಮಿತಿ ಮೀರಿವೆ.

ತಪ್ಪು ನಮ್ಮದೇ. ಪ್ರತಿ ಚೀಟಿಗೂ ರೈತರ ಮುಂಗಡದ ಬಾಕಿ ಎಷ್ಟಿದೆ ಎಂದು ನೋಡುವ ಕ್ವೆರಿಯನ್ನು ಟ್ರಿಗರ್‌ನ (ದಾಖಲೆ ಉಳಿಯುವಾಗ ತಾನಾಗಿ ಓಡುವ ಕೋಡ್) ಲೂಪಿನ ಒಳಗೇ, ಅಂದರೆ ಚೀಟಿಗೊಮ್ಮೆ ಮರಳಿ ಓಡುವ ಭಾಗದಲ್ಲೇ, ಬರೆದಿದ್ದೆವು. ಮಳೆಗಾಲದಲ್ಲಿ ದಿನಕ್ಕೆ ಮೂವತ್ತು ನಲವತ್ತು ಚೀಟಿ ಬರುತ್ತಿದ್ದಾಗ ಅದು ಸಲೀಸಾಗಿ ಓಡಿತು. ಸೇಲ್ಸ್‌ಫೋರ್ಸ್‌ನಲ್ಲಿ ಒಂದು ವಹಿವಾಟಿಗೆ, ಅಂದರೆ ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಕೆಲಸಗಳ ಒಂದು ಕಂತಿಗೆ, 100 ಕ್ವೆರಿಗಳ ಮಿತಿಯಿದೆ. 101ನೆಯದಕ್ಕೆ ಇಡೀ ವಹಿವಾಟು ಬಿದ್ದುಹೋಗುತ್ತದೆ. ಮೊದಲ ನೂರು ಚೀಟಿಗಳಾದರೂ ಉಳಿಯಲಿ ಎಂಬ ಕನಿಕರ ಅದಕ್ಕಿಲ್ಲ. ಆ ರಾತ್ರಿ ನಾವು ಮೂವರು ಬಳ್ಳಾರಿಯ ಕೌಲ್ ಬಜಾರಿನ ಕೋಣೆಯಲ್ಲಿ ಕುಳಿತು ಕೋಡ್ ತಿದ್ದುವಷ್ಟರಲ್ಲಿ, ಅಲ್ಲಿ ಗುಮಾಸ್ತರು ಹಳೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕವನ್ನು ಹೊರತೆಗೆದಿದ್ದರು.

ಈ ಮಿತಿಗಳು ಯಾಕೆ ಎಂಬುದನ್ನು ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದವರಿಗೆ ವಿವರಿಸಬೇಕಾಗಿಲ್ಲ. ಮೇಲಿನವರು ತೂಬನ್ನು ಪೂರ್ತಿ ತೆರೆದುಕೊಂಡರೆ ಮಾನ್ವಿ, ಸಿರವಾರದ ಹೊಲಗಳಿಗೆ ನೀರು ತಲುಪುವುದಿಲ್ಲ. ಸೇಲ್ಸ್‌ಫೋರ್ಸ್‌ನಲ್ಲಿಯೂ ಸಾವಿರಾರು ಕಂಪನಿಗಳು ಒಂದೇ ಕಾಲುವೆಯ ನೀರು ಕುಡಿಯುತ್ತವೆ. ಒಬ್ಬರ ಕೆಟ್ಟ ಕೋಡ್ ಮತ್ತೊಬ್ಬರನ್ನು ಒಣಗಿಸಬಾರದೆಂದು ತೂಬಿಗೆ ಅಳತೆ ಇಟ್ಟಿದ್ದಾರೆ. ಅದಕ್ಕೆ ಗವರ್ನರ್ ಲಿಮಿಟ್ ಎಂದು ಹೆಸರು. 100 ಕ್ವೆರಿ, 150 ಬಾರಿ ಡೇಟಾಬೇಸ್‌ಗೆ ಬರೆಯುವುದು, ಬರೆಯುವ ದಾಖಲೆಗಳು ಒಟ್ಟು 10,000, ಪ್ರೊಸೆಸರ್ ಸಮಯ 10 ಸೆಕೆಂಡ್: ಒಂದು ವಹಿವಾಟಿನ ಪಾಲು ಹೆಚ್ಚುಕಡಿಮೆ ಇಷ್ಟು.

ಆ ನವೆಂಬರ್ ಆದಮೇಲೆ ನಾವು ಎರಡು ದಾರಿಗಳ ನಡುವೆ ಆರಿಸುವಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಸುಗ್ಗಿಯ ದಿನ ಇದು ನಿಲ್ಲುತ್ತದೆಯೇ? ಕೆಳಗಿನ ಹೋಲಿಕೆಗಳೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದವು. ಸಿಂಧನೂರಿನಲ್ಲೋ ಕೊಪ್ಪಳದಲ್ಲೋ ಕುಳಿತು ಇಬ್ಬರು ಮೂವರ ತಂಡದಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನೂರು ಜನರ ತಂಡಕ್ಕೆ ಬೇರೆ ಲೆಕ್ಕವಿರಬಹುದು.

ಫ್ಲೋ ಅಥವಾ ಅಪೆಕ್ಸ್

ಮೊದಲ ಜಗಳ ಇದೇ. ಫ್ಲೋ ಎಂದರೆ ಪರದೆಯ ಮೇಲೆ ಚೌಕಗಳನ್ನು ಜೋಡಿಸಿ ತರ್ಕ ಕಟ್ಟುವುದು. ಅಪೆಕ್ಸ್ ಎಂದರೆ ಜಾವಾವನ್ನು ಹೋಲುವ ಭಾಷೆಯಲ್ಲಿ ಕೋಡ್ ಬರೆಯುವುದು. ಹಳೆಯ ವರ್ಕ್‌ಫ್ಲೋ ರೂಲ್ ಮತ್ತು ಪ್ರೋಸೆಸ್ ಬಿಲ್ಡರ್ ಎಂಬ, ಇಂಥದೇ ಕೆಲಸದ ಉಪಕರಣಗಳನ್ನು ಈ ಹೋಲಿಕೆಗೇ ಸೇರಿಸುವುದಿಲ್ಲ. 2025ರ ಡಿಸೆಂಬರ್ 31ರ ನಂತರ ಅವುಗಳಿಗೆ ಕಂಪನಿಯ ಬೆಂಬಲವಿಲ್ಲ. ಹಳೆಯ ಗ್ರಾಹಕರ ಬಳಿ ಅವು ಇನ್ನೂ ಓಡುತ್ತಿದ್ದರೆ ಮೊದಲು ಅವನ್ನು ಫ್ಲೋಗೆ ಸಾಗಿಸುವ ಕೆಲಸ ಹಿಡಿಯಿರಿ.

ಕೋಡ್ ಬರೆಯಲು ಬರುವವರಿಗೆ ಫ್ಲೋ ಎಂದರೆ ಸ್ವಲ್ಪ ಅಸಡ್ಡೆ. ನನಗೂ ಇತ್ತು. ಈಗ ಅದೇ ದಾಖಲೆಯ ಒಂದು ಫೀಲ್ಡನ್ನು ತುಂಬಿಸುವ ಕೆಲಸವಾದರೆ, ಉದಾಹರಣೆಗೆ 75 ಕೆಜಿ ಚೀಲಗಳ ಸಂಖ್ಯೆಯಿಂದ ಕ್ವಿಂಟಲ್ ಲೆಕ್ಕ ತೆಗೆದು ಬರೆಯುವುದಾದರೆ, ಕಣ್ಣು ಮುಚ್ಚಿ ದಾಖಲೆ ಉಳಿಯುವ ಮೊದಲೇ ಓಡುವ ಫ್ಲೋವನ್ನು ಆರಿಸುತ್ತೇನೆ. ದಾಖಲೆ ಹೇಗೂ ಡೇಟಾಬೇಸ್‌ಗೆ ಹೋಗುತ್ತಿರುತ್ತದೆ. ಹೋಗುವ ದಾರಿಯಲ್ಲೇ ಅದರ ಜೇಬಿಗೆ ಒಂದು ಅಂಕಿ ಹಾಕಿದಂತೆ. ಬೇರೆಯಾಗಿ ಬರೆಯುವ ಖರ್ಚಿಲ್ಲ. ಅದೇ ಕೆಲಸವನ್ನು ದಾಖಲೆ ಉಳಿದ ಮೇಲೆ ಓಡುವ ಫ್ಲೋದಲ್ಲಿ ಮಾಡಿದರೆ ಮತ್ತೊಮ್ಮೆ ಬರೆಯಬೇಕು, ಟ್ರಿಗರ್‌ಗಳೆಲ್ಲ ಮತ್ತೊಮ್ಮೆ ಓಡುತ್ತವೆ. ಬೇರೆ ಆಬ್ಜೆಕ್ಟ್‌ನ (ಒಂದೇ ಬಗೆಯ ದಾಖಲೆಗಳ ಕೋಷ್ಟಕ) ದಾಖಲೆ ಸೃಷ್ಟಿಸಬೇಕಾದಾಗ ಮಾತ್ರ ಈ ಎರಡನೆಯದು ಬೇಕು.

ಫ್ಲೋ ಬಗ್ಗೆ ಒಂದು ತಪ್ಪು ನಂಬಿಕೆಯಿದೆ: ಕೋಡ್ ಇಲ್ಲ, ಆದ್ದರಿಂದ ಮಿತಿಯೂ ಇಲ್ಲ ಎಂಬುದು. ಫ್ಲೋ ಮತ್ತು ಅಪೆಕ್ಸ್ ಒಂದೇ ವಹಿವಾಟಿನಲ್ಲಿ ಓಡಿದರೆ ಎರಡಕ್ಕೂ ಅದೇ 100 ಕ್ವೆರಿಗಳೇ ಪಾಲು. ಇನ್ನೂರು ದಾಖಲೆಗಳು ಒಟ್ಟಿಗೆ ಬಂದಾಗ ಫ್ಲೋದ ಒಂದೊಂದು ಚೌಕದ ಕೆಲಸವನ್ನು ವೇದಿಕೆಯೇ ಒಟ್ಟುಗೂಡಿಸಿ ಮಾಡುತ್ತದೆ, ಇದು ನಿಜವಾದ ಅನುಕೂಲ. ಆದರೆ ನೀವೇ ಲೂಪ್ ಹಾಕಿ ಅದರೊಳಗೆ ದಾಖಲೆ ಹುಡುಕುವ ಚೌಕವನ್ನು ಇಟ್ಟರೆ ಆ ಅನುಕೂಲ ನೀರಲ್ಲಿ ಹೋಮ. ನಮ್ಮ ಟ್ರಿಗರ್ ಮಾಡಿದ ತಪ್ಪನ್ನೇ ಚಿತ್ರದಲ್ಲಿ ಬರೆದಂತಾಗುತ್ತದೆ.

ಅಪೆಕ್ಸ್ ಯಾವಾಗ? ಹಲವು ಆಬ್ಜೆಕ್ಟ್‌ಗಳಿಂದ ಮಾಹಿತಿ ತಂದು, ಒಂದಕ್ಕೊಂದು ತಾಳೆ ಹಾಕಿ, ಮೊತ್ತ ತೆಗೆದು, ಯಾವುದಾದರೂ ಒಂದು ಕೆಟ್ಟರೆ ಅಷ್ಟನ್ನು ಮಾತ್ರ ಹಿಂದಕ್ಕೆ ಹಾಕಬೇಕಾದಾಗ. ಮುಂಗಡದ ಬಾಕಿ ಕಳೆಯುವ ಕೆಲಸ ಅಂಥದ್ದು. ಒಬ್ಬ ರೈತರ ನಾಲ್ಕು ಲಾರಿಗಳು ಒಂದೇ ಫೈಲಿನಲ್ಲಿ ಬರುತ್ತವೆ. ಮೊದಲ ಲಾರಿಯಲ್ಲಿ ಎಷ್ಟು ಕಳೆಯಿತು ಎಂಬುದು ಎರಡನೆಯದಕ್ಕೆ ಗೊತ್ತಿರಬೇಕು. ಇದನ್ನು ಫ್ಲೋದಲ್ಲಿ ಕಟ್ಟಬಹುದು. ನಾನು ಕಟ್ಟಿದ್ದೇನೆ ಕೂಡ. ಮೂರು ತಿಂಗಳ ನಂತರ ನೋಡಿದಾಗ ನನ್ನದೇ ಚೌಕಗಳ ಜೇಡರ ಬಲೆ ನನಗೇ ಅರ್ಥವಾಗಲಿಲ್ಲ. ಅಪೆಕ್ಸ್‌ನಲ್ಲಿ ಅದು ಮೂರು ಹೆಜ್ಜೆ: ಬಂದ ಚೀಟಿಗಳಿಂದ ರೈತರ ಗುರುತುಗಳನ್ನೆಲ್ಲ ಒಂದು ಸೆಟ್‌ಗೆ ಹಾಕು, ಒಂದೇ ಕ್ವೆರಿಯಲ್ಲಿ ಎಲ್ಲರ ಬಾಕಿಯನ್ನೂ ತಂದು ಮ್ಯಾಪ್‌ನಲ್ಲಿ (ಗುರುತು ಹಿಡಿದು ಹುಡುಕುವ ಪಟ್ಟಿ) ಇಡು, ಲೂಪಿನ ಒಳಗೆ ಮ್ಯಾಪನ್ನು ಮಾತ್ರ ನೋಡು. 180 ಕ್ವೆರಿಗಳ ಜಾಗದಲ್ಲಿ ಒಂದು. ಆ ರಾತ್ರಿ ನಾವು ಮಾಡಿದ ತಿದ್ದುಪಡಿ ಇಷ್ಟೇ. ಹನ್ನೊಂದು ಸಾಲುಗಳಿಗಾಗಿ ನಿದ್ದೆಗೆಟ್ಟೆವು.

ಅಪೆಕ್ಸ್‌ಗೆ ಬೇರೆ ಬೆಲೆಯೂ ಇದೆ. ಉತ್ಪಾದನಾ ವ್ಯವಸ್ಥೆಗೆ, ಅಂದರೆ ಗ್ರಾಹಕರು ದಿನವೂ ಬಳಸುವ ಅಸಲಿ ವ್ಯವಸ್ಥೆಗೆ, ಕೋಡ್ ಏರಿಸಲು ಕನಿಷ್ಠ 75 ಶೇಕಡಾ ಸಾಲುಗಳನ್ನು ಪರೀಕ್ಷಾ ಕೋಡ್ ಮುಟ್ಟಿರಬೇಕು. ಸಂಖ್ಯೆ ತಲುಪಿಸಲೆಂದೇ ಪರೀಕ್ಷೆ ಬರೆದು, ಫಲ ಸರಿಯೇ ಎಂದು ಎಲ್ಲಿಯೂ ತಾಳೆ ನೋಡದವರು ಬಹಳ. ನಮ್ಮ ಬಿದ್ದುಹೋದ ಟ್ರಿಗರ್‌ಗೂ ತೊಂಬತ್ತಕ್ಕಿಂತ ಹೆಚ್ಚು ಶೇಕಡಾ ಇತ್ತು, ಆದರೆ ಪರೀಕ್ಷೆಯಲ್ಲಿ ಇದ್ದದ್ದು ಒಂದೇ ಒಂದು ಚೀಟಿ. ಟ್ರಿಗರ್‌ಗೆ ದಾಖಲೆಗಳು 200ರ ಕಂತುಗಳಲ್ಲಿ ಬರುತ್ತವೆ, ಆದ್ದರಿಂದ ಪರೀಕ್ಷೆಯಲ್ಲಿಯೂ 200 ದಾಖಲೆಗಳನ್ನು ಹಾಕಿ ನೋಡಬೇಕು. ಈಗ ಇದು ನಮ್ಮಲ್ಲಿ ಕಡ್ಡಾಯ.

ಎರಡನ್ನೂ ಒಂದೇ ಆಬ್ಜೆಕ್ಟ್ ಮೇಲೆ ಹೂಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ, ಉಳಿಯುವ ಮೊದಲಿನ ಫ್ಲೋ ಬರೆದ ದರವನ್ನು ನಂತರ ಓಡುವ ಟ್ರಿಗರ್ ಅಳಿಸುತ್ತದೆ, ಉಳಿದ ಮೇಲಿನ ಫ್ಲೋ ಕೊನೆಗೆ ಬಂದು ಮತ್ತೆ ತಿದ್ದುತ್ತದೆ. ಓಡುವ ಕ್ರಮ ನಿಗದಿಯಾಗಿದೆ, ಅದನ್ನು ಬಾಯಿಪಾಠ ಮಾಡಿಕೊಂಡವರು ನಿಭಾಯಿಸಬಹುದು. ನಾಳೆ ಆ ಕೆಲಸಕ್ಕೆ ಬರುವ ಹೊಸ ಹುಡುಗಿಗೆ ಆ ಬಾಯಿಪಾಠ ಇರುವುದಿಲ್ಲ. ಒಂದು ಆಬ್ಜೆಕ್ಟ್‌ಗೆ ಒಂದೇ ಟ್ರಿಗರ್, ಅಥವಾ ಒಪ್ಪವಾಗಿ ಹೆಸರಿಟ್ಟ ಒಂದೆರಡು ಫ್ಲೋಗಳು. ಎರಡರಲ್ಲಿ ಒಂದು ದಾರಿ ಹಿಡಿಯಿರಿ.

ಈಗಲೇ ಅಥವಾ ಆಮೇಲೆ

ಲೋಡ್ ಹೊರಡಬೇಕಾದರೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಪತ್ರ) ಬೇಕು. ಬಿಲ್ ಉಳಿಸಿದ ತಕ್ಷಣ ಹೊರಗಿನ ಸರ್ವರ್‌ಗೆ ಕರೆ ಹೋಗಿ ಸಂಖ್ಯೆ ಬರಲಿ ಎಂದು ಎಲ್ಲ ಗ್ರಾಹಕರೂ ಕೇಳುತ್ತಾರೆ. ಸೇಲ್ಸ್‌ಫೋರ್ಸ್ ಇದಕ್ಕೆ ಒಪ್ಪುವುದಿಲ್ಲ: ಡೇಟಾಬೇಸ್‌ಗೆ ಬರೆದು ಇನ್ನೂ ಪಕ್ಕಾ ಆಗದಿರುವಾಗ ಅದೇ ವಹಿವಾಟಿನಲ್ಲಿ ಹೊರಗೆ ಕರೆ ಮಾಡುವಂತಿಲ್ಲ. ಹಾಗಾಗಿ ಆಮೇಲೆ ಓಡುವ ಕೆಲಸವಾಗಿ ಕಳಿಸಬೇಕು. ಇಲ್ಲಿ ಫ್ಯೂಚರ್, ಕ್ಯೂಯಬಲ್, ಬ್ಯಾಚ್ ಎಂಬ ಮೂರು ದಾರಿಗಳಿವೆ.

ಫ್ಯೂಚರ್ ಹಳೆಯದು. ಅದಕ್ಕೆ ಸಂಖ್ಯೆ, ಅಕ್ಷರಗಳಂಥ ಸರಳ ಮೌಲ್ಯಗಳನ್ನು ಮಾತ್ರ ಕೊಡಬಹುದು, ಕಳಿಸಿದ ಮೇಲೆ ಏನಾಯಿತೆಂದು ಕೇಳಲು ಗುರುತಿನ ಸಂಖ್ಯೆಯೂ ಸಿಗುವುದಿಲ್ಲ. ಕ್ಯೂಯಬಲ್ ಅದರ ತಂಗಿ, ಹೆಚ್ಚು ಬುದ್ಧಿವಂತೆ: ಇಡೀ ಆಬ್ಜೆಕ್ಟನ್ನೇ ಹೊತ್ತು ಹೋಗುತ್ತಾಳೆ, ಗುರುತಿನ ಸಂಖ್ಯೆ ಕೊಡುತ್ತಾಳೆ, ಕೆಲಸ ಮುಗಿದ ಮೇಲೆ ಮುಂದಿನವಳನ್ನು ಕರೆಯುತ್ತಾಳೆ. ಹೊಸ ಕೆಲಸಕ್ಕೆ ಫ್ಯೂಚರ್ ಆರಿಸಲು ನನಗೆ ಕಾರಣವೇ ಕಾಣುವುದಿಲ್ಲ. ಬ್ಯಾಚ್ ಇರುವುದು ಲಕ್ಷಗಟ್ಟಲೆ ದಾಖಲೆಗಳಿಗೆ. ಒಂದು ಬ್ಯಾಚ್ 5 ಕೋಟಿ ದಾಖಲೆಗಳವರೆಗೆ ಎತ್ತಿಕೊಂಡು, ಬೇರೆ ಹೇಳದಿದ್ದರೆ 200ರ ಕಂತುಗಳಲ್ಲಿ ನಡೆಸುತ್ತದೆ. ವರ್ಷದ ಕೊನೆಗೆ ರೈತರ ಎಲ್ಲ ಖಾತೆಗಳ ಬಡ್ಡಿ ಲೆಕ್ಕ ಹಾಕುವಂಥ ಕೆಲಸ ಅದರದ್ದು. ಐವತ್ತು ಬಿಲ್‌ಗಳಿಗೆ ಬ್ಯಾಚ್ ಬರೆಯುವುದು ಒಂದು ಬುಟ್ಟಿ ಟೊಮೆಟೊಗೆ ಲಾರಿ ಗೊತ್ತು ಮಾಡಿದಂತೆ.

ಹೊರಗಿನ ಕರೆಗೆ ಏನೂ ಹೇಳದಿದ್ದರೆ 10 ಸೆಕೆಂಡ್ ಕಾಯುತ್ತದೆ. ಗರಿಷ್ಠ 120 ಸೆಕೆಂಡ್‌ವರೆಗೆ ಹೆಚ್ಚಿಸಬಹುದು. ಉತ್ತರ ಬಾರದೆ ಇದ್ದಾಗ ಆ ಕಡೆ ಕೆಲಸ ಆಗಿದೆಯೋ ಇಲ್ಲವೋ ನಮಗೆ ತಿಳಿಯದು. ಮತ್ತೆ ಕರೆ ಮಾಡುವ ಮೊದಲು ಆ ಬಿಲ್ ಸಂಖ್ಯೆಗೆ ಈಗಾಗಲೇ ಇ-ವೇ ಬಿಲ್ ಹುಟ್ಟಿದೆಯೇ ಎಂದು ಕೇಳುವುದನ್ನು ಕಟ್ಟಿಕೊಳ್ಳಿ. ಬಿಲ್ ಮೇಲೆ ‘ಕಳಿಸಿದೆ’, ‘ಬಂದಿದೆ’, ‘ಕೆಟ್ಟಿದೆ’ ಎಂಬ ಸ್ಥಿತಿಯ ಫೀಲ್ಡ್ ಇರಲಿ. ಚಾಲಕರು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುವಾಗ ಗುಮಾಸ್ತರಿಗೆ ಬೇಕಾದದ್ದು ಆ ಒಂದು ಪದ.

ಜಿಲ್ಲೆಯ ಹೆಸರನ್ನು ಎಲ್ಲಿಡಬೇಕು

ನಮ್ಮ ಭಾಗದಲ್ಲಿ ಕೆಲಸ ಮಾಡುವವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಯಿತು. ಅದೇ ವರ್ಷ ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ಹೊಸಪೇಟೆಯ ಜೊತೆಗೆ ವಿಜಯನಗರ ಜಿಲ್ಲೆಗೆ ಸೇರಿತು. ಸಾಲದ್ದಕ್ಕೆ 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೂ ಬದಲು. ಹಳೆಯ ಎಕ್ಸೆಲ್ ಫೈಲುಗಳನ್ನು ಒಳಗೆ ತಂದರೆ ಒಂದೇ ಊರಿಗೆ ನಾಲ್ಕು ಹೆಸರು.

ಆಯ್ಕೆಗಳು ಹೀಗಿವೆ. ಮೊದಲನೆಯದು ಬರೀ ಅಕ್ಷರದ ಫೀಲ್ಡ್. ಬೇಡ. ಎರಡನೆಯದು ಪಿಕ್‌ಲಿಸ್ಟ್, ಅಂದರೆ ಗೊತ್ತಾದ ಪಟ್ಟಿಯಿಂದ ಆರಿಸುವುದು. ಐದು ನಿಮಿಷದ ಕೆಲಸ, ಕಾಗುಣಿತದ ಗೋಳಿಲ್ಲ. ಕಾಗುಣಿತ ಬದಲಾದರೆ ಪಟ್ಟಿಯಲ್ಲಿ ಒಂದು ಕಡೆ ತಿದ್ದಿದರೆ ಸಾಕು. ಆದರೆ ಜಿಲ್ಲೆ ಒಡೆದಾಗ ಪಿಕ್‌ಲಿಸ್ಟ್ ಕೈಕೊಡುತ್ತದೆ. ‘ಬಳ್ಳಾರಿ’ ಎಂದಿರುವ ಗ್ರಾಹಕರಲ್ಲಿ ಕೆಲವರು ಮಾತ್ರ ‘ವಿಜಯನಗರ’ ಆಗಬೇಕು; ಯಾರು ಎಂದು ಪಟ್ಟಿಗೆ ಗೊತ್ತಿಲ್ಲ. ಒಬ್ಬ ಹಳೆಯ ಗ್ರಾಹಕರ ದಾಖಲೆಗಳನ್ನು ನಾವು ಪಿನ್ ಕೋಡ್ ಹಿಡಿದು ಒಂದೊಂದಾಗಿ ಬೇರ್ಪಡಿಸಿದೆವು, ಕಲ್ಲು ಆರಿಸಿದ ಹಾಗೆ.

ಮೂರನೆಯದು ತಾಲ್ಲೂಕನ್ನೇ ಒಂದು ಆಬ್ಜೆಕ್ಟ್ ಮಾಡಿ, ಜಿಲ್ಲೆಯನ್ನು ಆ ತಾಲ್ಲೂಕಿನ ಮೇಲೆ ಬರೆದು, ಗ್ರಾಹಕರ ದಾಖಲೆಯನ್ನು ತಾಲ್ಲೂಕಿಗೆ ಲುಕಪ್ ಎಂಬ ಕೊಂಡಿಯ ಮೂಲಕ ಜೋಡಿಸುವುದು. ಹೀಗಿದ್ದರೆ 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಎಂಬ ಆರು ದಾಖಲೆಗಳನ್ನು ತಿದ್ದಿದ್ದರೆ ಮುಗಿಯುತ್ತಿತ್ತು. ಸಂಡೂರು, ಸಿರುಗುಪ್ಪ, ಕಂಪ್ಲಿಯವರು ಇದ್ದಲ್ಲೇ ಇರುತ್ತಿದ್ದರು. ನನ್ನ ಮತ ಇದಕ್ಕೇ.

ಒಂದು ಹಳ್ಳ ಇಲ್ಲಿಯೂ ಇದೆ, ಅದಕ್ಕೆ ನಾವೇ ಬಿದ್ದೆವು. ಬಿಲ್ ಮೇಲಿನ ಜಿಲ್ಲೆಯನ್ನು ಫಾರ್ಮುಲಾ ಮೂಲಕ ತಾಲ್ಲೂಕಿನಿಂದ ತಂದರೆ, 2019ರ ಬಿಲ್ಲನ್ನು ಇಂದು ತೆರೆದಾಗ ಅದರಲ್ಲಿ ‘ವಿಜಯನಗರ’ ಎಂದು ಕಾಣುತ್ತದೆ. ಆಗ ಆ ಜಿಲ್ಲೆಯೇ ಇರಲಿಲ್ಲ. ಲೆಕ್ಕ ಪರಿಶೋಧಕರು ಹುಬ್ಬು ಗಂಟಿಕ್ಕುತ್ತಾರೆ, ಅವರದು ಸರಿಯೇ. ಗ್ರಾಹಕರ ಮೇಲೆ ಫಾರ್ಮುಲಾ, ಬಿಲ್ ಮೇಲೆ ಅಂದಿನ ಹೆಸರಿನ ನಕಲು. ಬದಲಾಗುತ್ತಿರಬೇಕಾದ ಮಾಹಿತಿ ಯಾವುದು, ಹೆಪ್ಪುಗಟ್ಟಬೇಕಾದದ್ದು ಯಾವುದು ಎಂದು ಪ್ರತಿ ಫೀಲ್ಡ್‌ಗೂ ಕೇಳಿಕೊಳ್ಳಿ.

ವ್ಯವಹಾರದ ನಿಯಮಗಳ ಮೌಲ್ಯಗಳು ಬೇರೆ ಜಾತಿ. ತೇವಾಂಶಕ್ಕೆ ಎಷ್ಟು ಕಡಿತ, ಹಂಗಾಮು ಯಾವ ದಿನದಿಂದ ಯಾವ ದಿನದವರೆಗೆ, ಮುಂಗಡದ ಮಿತಿ ಎಷ್ಟು ಎಂಬಂಥವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯದಿಂದ ನೀರು ಹರಿದುಹೋಗುತ್ತಿದ್ದ ಆ ವಾರ ಎರಡನೇ ಬೆಳೆಯ ಗತಿ ಏನೆಂದು ಎಲ್ಲರೂ ಕಂಗಾಲು. ಬೀಜ ಗೊಬ್ಬರದ ವ್ಯಾಪಾರಿಯೊಬ್ಬರು ಫೋನ್ ಮಾಡಿ, ಬೇಸಿಗೆ ಹಂಗಾಮಿನ ಮುಂಗಡ ಬುಕಿಂಗನ್ನು ಸದ್ಯಕ್ಕೆ ನಿಲ್ಲಿಸಿ, ದಿನಾಂಕ ಆಮೇಲೆ ಹೇಳುತ್ತೇನೆ ಎಂದರು. ಹಂಗಾಮಿನ ದಿನಾಂಕವನ್ನು ನಾವು ಕೋಡಿನ ಐದು ಕಡೆ ನೇರವಾಗಿ ಬರೆದಿದ್ದೆವು. ತಿದ್ದಿ, ಪರೀಕ್ಷೆ ಓಡಿಸಿ, ಏರಿಸಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ತಡೆಗೋಡೆಯ ತುಂಡುಗಳನ್ನು ನೀರಿನ ರಭಸದಲ್ಲೇ ಇಳಿಸುವ ಸಿದ್ಧತೆ ಅಲ್ಲಿ ಶುರುವಾಗಿತ್ತು. ನಾವು ಒಂದು ದಿನಾಂಕವನ್ನು ಇಳಿಸಲು ಹೆಣಗುತ್ತಿದ್ದೆವು.

ಇಂಥ ಮೌಲ್ಯಗಳಿಗೆ ಕಸ್ಟಮ್ ಸೆಟ್ಟಿಂಗ್ ಮತ್ತು ಕಸ್ಟಮ್ ಮೆಟಾಡೇಟಾ ಎಂಬ ಎರಡು ಮನೆಗಳಿವೆ. ಸೆಟ್ಟಿಂಗ್‌ನಲ್ಲಿ ಬಳಕೆದಾರರಿಗೆ, ಪ್ರೊಫೈಲ್‌ಗೆ (ಒಂದೇ ಬಗೆಯ ಬಳಕೆದಾರರ ಅನುಮತಿಗಳ ಗುಂಪು) ಬೇರೆ ಬೇರೆ ಮೌಲ್ಯ ಕೊಡಬಹುದು. ಅದಕ್ಕಾಗಿ ಮಾತ್ರ ಅದನ್ನು ಬಳಸುತ್ತೇನೆ. ಅದರೊಳಗಿನ ಮೌಲ್ಯಗಳು ಸ್ಯಾಂಡ್‌ಬಾಕ್ಸ್‌ನಿಂದ (ಕಟ್ಟಿ ಪರೀಕ್ಷಿಸಲು ಮಾಡಿಕೊಳ್ಳುವ ನಕಲು ವ್ಯವಸ್ಥೆ) ಮುಂದಕ್ಕೆ ತಾವಾಗಿ ಸಾಗುವುದಿಲ್ಲ, ಪ್ರತಿ ಕಡೆ ಮತ್ತೆ ತುಂಬಬೇಕು. ಮೆಟಾಡೇಟಾದ ದಾಖಲೆಗಳು ಕೋಡಿನ ಜೊತೆಗೇ ಪ್ರಯಾಣ ಮಾಡುತ್ತವೆ, ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಉಪಕರಣ) ಉಳಿಯುತ್ತವೆ, ಅವುಗಳನ್ನು ಓದಲು ಕ್ವೆರಿಯ ಪಾಲಿನಿಂದ ಖರ್ಚಾಗುವುದಿಲ್ಲ. ಹಂಗಾಮಿನ ದಿನಾಂಕ ಈಗ ಅಲ್ಲಿದೆ.

ಸ್ಯಾಂಡ್‌ಬಾಕ್ಸ್ ಯಾವುದು

ನಾಲ್ಕು ಬಗೆ. ಡೆವಲಪರ್ ಸ್ಯಾಂಡ್‌ಬಾಕ್ಸ್ 200 ಎಂಬಿ, ದಿನಕ್ಕೊಮ್ಮೆ ಹೊಸದು ಮಾಡಿಕೊಳ್ಳಬಹುದು, ಒಳಗೆ ಗ್ರಾಹಕರ ಮಾಹಿತಿ ಇರುವುದಿಲ್ಲ. ಡೆವಲಪರ್ ಪ್ರೊ 1 ಜಿಬಿ. ಪಾರ್ಶಿಯಲ್ ಕಾಪಿ 5 ಜಿಬಿ, ಆಯ್ದ ಅಸಲಿ ಮಾಹಿತಿಯ ಜೊತೆಗೆ, ಐದು ದಿನಕ್ಕೊಮ್ಮೆ. ಫುಲ್ ಎಂದರೆ ಪೂರ್ತಿ ನಕಲು, 29 ದಿನಕ್ಕೊಮ್ಮೆ, ಬೆಲೆಯೂ ಹಾಗೆಯೇ.

ಸಣ್ಣ ತಂಡಕ್ಕೆ ಡೆವಲಪರ್ ಸ್ಯಾಂಡ್‌ಬಾಕ್ಸ್ ಸಾಕು ಎನ್ನುತ್ತೇನೆ, ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಬಹುತೇಕ ದಾಖಲೆಗಳು ಸುಮಾರು 2 ಕೆಬಿ ಲೆಕ್ಕದಲ್ಲಿ ಜಾಗ ಹಿಡಿಯುತ್ತವೆ, ಅಂದರೆ 200 ಎಂಬಿಯಲ್ಲಿ ಒಂದು ಲಕ್ಷ ದಾಖಲೆ ಹಿಡಿಸುತ್ತದೆ. ಸುಗ್ಗಿಯ ಒಂದು ವಾರವನ್ನು ನಟಿಸಲು ಅಷ್ಟು ಧಾರಾಳ. ಅಸಲಿ ಮಾಹಿತಿ ಇರುವ ಸ್ಯಾಂಡ್‌ಬಾಕ್ಸ್ ಹಿತವೆನಿಸುತ್ತದೆ, ಆದರೆ ಅದರಲ್ಲಿ ಅಸಲಿ ರೈತರ ಅಸಲಿ ಮೊಬೈಲ್ ಸಂಖ್ಯೆಗಳೂ ಇರುತ್ತವೆ. ಸ್ಯಾಂಡ್‌ಬಾಕ್ಸ್ ಹುಟ್ಟುವಾಗ ಬಳಕೆದಾರರ ಇಮೇಲ್ ವಿಳಾಸಗಳನ್ನು ವೇದಿಕೆ ತಾನೇ ಕೆಡಿಸಿಡುತ್ತದೆ. ಗ್ರಾಹಕರ ಫೋನ್ ಸಂಖ್ಯೆಗಳಿಗೆ ಆ ರಕ್ಷಣೆ ಇಲ್ಲ, ಹೊರಗಿನ ಎಸ್‌ಎಂಎಸ್ ಸೇವೆಗೆ ಹೋಗುವ ಕರೆಯನ್ನು ಯಾರೂ ತಡೆಯುವುದಿಲ್ಲ. ಒಮ್ಮೆ ರಾತ್ರಿ ಹನ್ನೊಂದಕ್ಕೆ ನಾನು ಓಡಿಸಿದ ಪರೀಕ್ಷೆಯಿಂದ ಕಾರಟಗಿ ಕಡೆಯ ಹಲವು ರೈತರಿಗೆ ‘ನಿಮ್ಮ ಖಾತೆಗೆ 1 ರೂಪಾಯಿ ಜಮೆಯಾಗಿದೆ’ ಎಂಬ ಸಂದೇಶ ಹೋಯಿತು. ಬೆಳಿಗ್ಗೆ ಗಿರಣಿಯ ಸಾಹುಕಾರರಿಗೆ ಬಂದ ಫೋನುಗಳನ್ನು ನಾನು ಎಣಿಸಲಿಲ್ಲ, ಅವರು ಎಣಿಸಿದ್ದರು.

ಕಲಿಯುವವರಿಗೆ ಒಂದು ಮಾತು: ಸ್ಯಾಂಡ್‌ಬಾಕ್ಸ್ ಇಲ್ಲದಿದ್ದರೂ ಡೆವಲಪರ್ ಎಡಿಷನ್ ಉಚಿತ. ಸೇಲ್ಸ್‌ಫೋರ್ಸ್‌ನ ಕಲಿಕೆಯ ತಾಣ ಟ್ರೇಲ್‌ಹೆಡ್‌ನ ಪಾಠಗಳೂ ಉಚಿತ.

ಚೇಂಜ್ ಸೆಟ್ ಅಥವಾ ಗಿಟ್

ಚೇಂಜ್ ಸೆಟ್ ಎಂದರೆ ಬದಲಾದ ಭಾಗಗಳನ್ನು ಪರದೆಯ ಮೇಲೆ ಗುರುತು ಹಾಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವುದು. ಕಲಿಯಲು ಅರ್ಧ ಗಂಟೆ. ಆದರೆ ಅದರ ಮೂಲಕ ಏನನ್ನೂ ಅಳಿಸಲಾಗದು, ನಿನ್ನೆಯ ಸ್ಥಿತಿಗೆ ಮರಳಲಾಗದು, ಯಾರು ಯಾಕೆ ಬದಲಿಸಿದರು ಎಂದು ಉಳಿಯದು. ಮೂವರಿದ್ದ ನಮ್ಮಲ್ಲೇ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಬರೆದು ಜಗಳವಾಗಿದೆ, ಒಂದು ತಟ್ಟೆ ಒಗ್ಗರಣೆ ಮಿರ್ಚಿಯಲ್ಲಿ ರಾಜಿಯಾಗಿದೆ.

ಗಿಟ್ ಮತ್ತು ಸೇಲ್ಸ್‌ಫೋರ್ಸ್‌ನ ಕಮಾಂಡ್ ಲೈನ್ ಉಪಕರಣ ಕಲಿಯಲು ಒಂದು ವಾರ ಬೇಕು. ಒಬ್ಬರೇ ಇದ್ದರೂ ಕಲಿಯಿರಿ. ಇದರ ಜೊತೆಗೆ ಒಂದು ಅಭ್ಯಾಸ: ಏರಿಸುವ ಮೊದಲು ಉತ್ಪಾದನಾ ವ್ಯವಸ್ಥೆಯ ಮೇಲೆ ತಾಳೆ ಮಾತ್ರ ನೋಡಿ, ಪರೀಕ್ಷೆಗಳೆಲ್ಲ ಹಗಲಲ್ಲೇ ಓಡಲಿ. ಅದು ಗೆದ್ದರೆ ಮುಂದಿನ 10 ದಿನಗಳೊಳಗೆ ಪರೀಕ್ಷೆಗಳನ್ನು ಮತ್ತೆ ಓಡಿಸದೆ ತ್ವರಿತವಾಗಿ ಏರಿಸಬಹುದು. ಗಿರಣಿ ಒಂದು ಗಂಟೆ ನಿಲ್ಲುವ ಹೊತ್ತಿಗೆ ನಮಗೆ ಸಿಗುವ ಕಿಂಡಿಯಲ್ಲಿ ಇದು ದೊಡ್ಡ ಉಪಕಾರ.

ಯಾರಿಗೆ ಏನು ಕಾಣಬೇಕು

ಅಪೆಕ್ಸ್ ಮೊದಲಿನಿಂದಲೂ ಬಳಕೆದಾರರ ಅನುಮತಿಗಳನ್ನು ನೋಡದೆ ಸಿಸ್ಟಂ ಮೋಡ್‌ನಲ್ಲಿ ಓಡುವ ಭಾಷೆ. ಕ್ಲಾಸ್‌ಗೆ ‘ವಿತ್ ಶೇರಿಂಗ್’ ಎಂದು ಬರೆಯುವುದು, ಕ್ವೆರಿಯನ್ನು ಯೂಸರ್ ಮೋಡ್‌ನಲ್ಲಿ ಓಡಿಸುವುದು ನಮ್ಮ ಹೊಣೆ. ಬರೆಯದೆ ಬಿಟ್ಟರೆ ಒಬ್ಬ ದಲಾಲಿಗೆ ಇನ್ನೊಬ್ಬ ದಲಾಲಿಯ ದರ ಕಾಣುತ್ತದೆ, ಮಾರುಕಟ್ಟೆಯಲ್ಲಿ ಅದಕ್ಕಿಂತ ದೊಡ್ಡ ರಾದ್ಧಾಂತ ಬೇರೊಂದಿಲ್ಲ. ಪ್ರೊಫೈಲ್‌ಗಳನ್ನು ತೆಳ್ಳಗಿಟ್ಟು ಅನುಮತಿಗಳನ್ನು ಪರ್ಮಿಶನ್ ಸೆಟ್‌ಗಳಲ್ಲಿ ಕೊಡಿ. ಸುಗ್ಗಿಗೆಂದು ಎರಡು ತಿಂಗಳಿಗೆ ಬರುವ ಹೆಚ್ಚುವರಿ ಗುಮಾಸ್ತರಿಗೆ ಒಂದು ಸೆಟ್ ಕೊಟ್ಟು, ಹೋಗುವಾಗ ಕಿತ್ತುಕೊಂಡರೆ ಆಯಿತು.

ಕನ್ನಡದ ಮಾತು

ಪರದೆಯ ಮೇಲಿನ ಮಾತುಗಳನ್ನು ಕೋಡಿನಲ್ಲಿ ನೇರ ಬರೆಯುವುದೋ, ಕೋಡಿನ ಹೊರಗಿರುವ ಕಸ್ಟಮ್ ಲೇಬಲ್‌ಗಳಲ್ಲಿ ಇಡುವುದೋ? ಲೇಬಲ್. ಸೇಲ್ಸ್‌ಫೋರ್ಸ್ ತನ್ನ ಪರದೆಗಳನ್ನು ತಾನಾಗಿ ಕನ್ನಡಕ್ಕೆ ತಂದು ಕೊಡುವುದಿಲ್ಲ, ಆದರೆ ನಮ್ಮ ಫೀಲ್ಡ್‌ಗಳ ಹೆಸರು, ಲೇಬಲ್‌ಗಳಿಗೆ ಕನ್ನಡ ಅನುವಾದ ಕೊಡಲು ಅವಕಾಶವಿದೆ. ಅನುವಾದವನ್ನು ನೀವೇ ಮಾಡಬೇಡಿ, ಗುಮಾಸ್ತರನ್ನು ಕೇಳಿ. ‘ಒಟ್ಟು ತೂಕ’, ‘ನಿವ್ವಳ ತೂಕ’ ಎಂದು ನಾವು ಚಂದ ಮಾಡಿ ಬರೆದದ್ದನ್ನು ಅವರು ‘ತುಂಬಿದ ಲಾರಿ’, ‘ಖಾಲಿ ಲಾರಿ’ ಎಂದು ಎರಡು ಅಂಕಿಗಳಾಗಿ ತಿದ್ದಿಸಿದರು. ಮೂಲದಲ್ಲಿ ಅವರು ಅಳೆಯುವುದು ಆ ಎರಡನ್ನೇ. ನಿವ್ವಳ ಎಂಬುದು ನಮ್ಮ ಫಾರ್ಮುಲಾ.

ಇನ್ನು ಎಸ್‌ಎಂಎಸ್. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲಿಯೂ ಒತ್ತಕ್ಷರ, ಗುಣಿತದ ಚಿಹ್ನೆಗಳು ಬೇರೆ ಬೇರೆ ಎಣಿಕೆಯಾಗುತ್ತವೆ. ‘ಜಮೆಯಾಗಿದೆ’ ಎಂಬ ಒಂದು ಪದವೇ ಒಂಬತ್ತನ್ನು ನುಂಗುತ್ತದೆ. ಚಿಕ್ಕದಾಗಿ ಬರೆಯಿರಿ, ಮೂರು ಸಂದೇಶದ ದುಡ್ಡು ಒಂದಕ್ಕೆ ಇಳಿಯುತ್ತದೆ.

ಸೇಲ್ಸ್‌ಫೋರ್ಸೇ ಬೇಕೇ

ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ. ಆದರೆ ನಮ್ಮಂಥವರ ಬಳಿ ಗ್ರಾಹಕರು ಬರುವ ಹೊತ್ತಿಗೆ ವೇದಿಕೆಯನ್ನು ಯಾರೋ ಆಗಲೇ ಮಾರಿರುತ್ತಾರೆ. ನಿಮಗೆ ಆರಿಸುವ ಅವಕಾಶ ಸಿಕ್ಕರೆ ನನ್ನ ಅನಿಸಿಕೆ ಹೀಗಿದೆ.

ಬಳ್ಳಾರಿಯ ಜೀನ್ಸ್ ಘಟಕವೊಂದನ್ನು ತೆಗೆದುಕೊಳ್ಳಿ. ಬಟ್ಟೆ ಕತ್ತರಿಸುವುದು ಒಂದು ಕಡೆ, ಹೊಲಿಗೆ ಮನೆಮನೆಗಳಲ್ಲಿ, ವಾಷಿಂಗ್ ಮತ್ತೊಂದು ಕಡೆ. ಮಾಲೀಕರ ತಲೆನೋವು ಎಷ್ಟು ಪ್ಯಾಂಟು ಯಾರ ಬಳಿ ಇವೆ ಎಂಬುದು. ಅದು ದಾಸ್ತಾನಿನ ಸಮಸ್ಯೆ. ಅಲ್ಲಿಗೆ ನಾನು ಇಆರ್‌ಪಿನೆಕ್ಸ್ಟ್ ಹೇಳುತ್ತೇನೆ. ಮುಂಬೈನ ಫ್ರಾಪೆ ಕಟ್ಟಿದ ಮುಕ್ತ ತಂತ್ರಾಂಶ ಅದು; ಪೈಥಾನ್, ಮಾರಿಯಾಡಿಬಿ ಮೇಲೆ ನಿಂತಿದೆ; ದಾಸ್ತಾನು, ಹೊರಗಿನವರಿಂದ ಮಾಡಿಸುವ ಕೆಲಸ ಎಲ್ಲ ಮೂಲದಲ್ಲೇ ಇವೆ. ತಂತ್ರಾಂಶಕ್ಕೆ ತಲೆಗಿಷ್ಟು ಎಂಬ ಬಾಡಿಗೆಯಿಲ್ಲ. ಸ್ವಂತ ಸರ್ವರಿನಲ್ಲಿ ಓಡಿಸಿದರೆ 100 ಕ್ವೆರಿಯ ಮಿತಿಯೂ ಇಲ್ಲ. ಹಾಗೆಂದು ಹಿಗ್ಗಬೇಡಿ: ಲೂಪಿನ ಒಳಗಿನ ಕ್ವೆರಿ ಅಲ್ಲಿ ತಪ್ಪು ಎಂದು ಕೂಗುವುದಿಲ್ಲ, ಸುಮ್ಮನೆ ಸರ್ವರನ್ನು ಕುಂಟಿಸುತ್ತದೆ. ಬ್ಯಾಕಪ್, ಭದ್ರತೆ, ಹೊಸ ಆವೃತ್ತಿಗೆ ಏರಿಸುವುದು ಎಲ್ಲ ನಿಮ್ಮ ತಲೆಗೆ. ಮೂಲ ಕೋಡನ್ನೇ ತಿದ್ದುವ ಆಸೆಯಾಗುತ್ತದೆ, ತಿದ್ದಿದರೆ ಮುಂದಿನ ಆವೃತ್ತಿಯ ದಿನ ಅಳುತ್ತೀರಿ; ಪ್ರತ್ಯೇಕ ಆ್ಯಪ್ ಆಗಿ ಬರೆಯಿರಿ.

ಚೆನ್ನೈನ ಜೋಹೋದ ಕ್ರಿಯೇಟರ್ ಮಧ್ಯದ ದಾರಿ. ಡೆಲ್ಯೂಜ್ ಎಂಬ ಸರಳ ಭಾಷೆ, ಒಂದು ವಾರದಲ್ಲಿ ಕೆಲಸಕ್ಕೆ ಬರುವ ಫಾರ್ಮ್‌ಗಳು. ಅಲ್ಲಿಯೂ ಮಿತಿಗಳಿವೆ, ಯಾವ ಯೋಜನೆಗೆ ಎಷ್ಟು ಎಂದು ಮೊದಲೇ ಓದಿಕೊಳ್ಳಿ. ಹತ್ತು ಜನರ ದಲಾಲಿ ಅಂಗಡಿಗೆ ಅದು ಸಾಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದರಲ್ಲಿ ಅವಮಾನವೇನಿಲ್ಲ. ಹಲವು ಊರುಗಳಲ್ಲಿ ಮಾರಾಟಗಾರರು, ದೊಡ್ಡ ವಿತರಣಾ ಜಾಲ, ಯಾರಿಗೆ ಏನು ಕಾಣಬೇಕೆಂಬ ನೂರು ನಿಯಮಗಳು ಇರುವಲ್ಲಿ ಮಾತ್ರ ಸೇಲ್ಸ್‌ಫೋರ್ಸ್‌ನ ಬೆಲೆ ಗಿಟ್ಟುತ್ತದೆ.

ಏರಿಸುವುದು ಯಾವಾಗ

ಸೇಲ್ಸ್‌ಫೋರ್ಸ್ ವರ್ಷಕ್ಕೆ ಮೂರು ಸಲ ತನ್ನನ್ನು ತಾನು ನವೀಕರಿಸಿಕೊಳ್ಳುತ್ತದೆ. ವಿಂಟರ್ ಎಂಬುದು ಅಕ್ಟೋಬರ್ ಹೊತ್ತಿಗೆ ಬರುತ್ತದೆ, ಅಂದರೆ ನಮ್ಮಲ್ಲಿ ಭತ್ತಕ್ಕೆ ಕೊಯ್ಲು ಯಂತ್ರ ಇಳಿಯುವುದಕ್ಕೆ ಕೆಲವೇ ವಾರ ಮೊದಲು. ಬೇಡವೆನ್ನುವ ಆಯ್ಕೆ ನಮಗಿಲ್ಲ. ಇರುವ ಆಯ್ಕೆ, ಸ್ಯಾಂಡ್‌ಬಾಕ್ಸನ್ನು ಮುನ್ನೋಟದ ಗುಂಪಿಗೆ ಸೇರಿಸಿ ಕೆಲವು ವಾರ ಮೊದಲೇ ನೋಡುವುದೋ, ಬಂದಮೇಲೆ ನೋಡುವುದೋ ಎಂಬುದು. ನಾವು ಸೆಪ್ಟೆಂಬರ್‌ನಲ್ಲಿ ನೋಡುತ್ತೇವೆ. ನಮ್ಮ ಕಡೆಯಿಂದ ದೊಡ್ಡ ಬದಲಾವಣೆ ಏನಿದ್ದರೂ ದಸರೆಯ ಮೊದಲು ಏರಿಸಿ, ಆಮೇಲೆ ಜನವರಿಯವರೆಗೆ ತಪ್ಪು ತಿದ್ದುವುದು ಬಿಟ್ಟು ಬೇರೆ ಮುಟ್ಟುವುದಿಲ್ಲ. ಮುನ್ನೋಟದ ಸ್ಯಾಂಡ್‌ಬಾಕ್ಸ್ ತೆರೆದ ದಿನ ಮೊದಲು ಒಳಗೆ ಹಾಕುವುದು ಆ ನವೆಂಬರ್ ಸಂಜೆಯ 180 ಚೀಟಿಗಳ ಫೈಲನ್ನೇ, ರೈತರ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಅಳಿಸಿ, ಇಪ್ಪತ್ತು ನಕಲಿ ಚೀಟಿ ಸೇರಿಸಿ 200 ಮಾಡಿಕೊಂಡು.